ನಮ್ಮ ವಿಡಿಯೋ ತೆಗೆಸಿದ್ದು ಯಾರು? ಆದೇಶ ಹುಡುಕಿ ಹೊರಟ ಕಥೆ

ನಾನು ಮತ್ತು ಗೆಳತಿಯೊಬ್ಬಳು ಸೇರಿ ನದಿ, ಅಣೆಕಟ್ಟು, ಮುಳುಗಡೆ ಬಗ್ಗೆ ವಿಡಿಯೋ ಮಾಡುತ್ತೇವೆ. ಚಾನೆಲ್ ಇಬ್ಬರ ಹೆಸರಲ್ಲೂ ಇದೆ. ಅವಳು ಇರುವುದು ಯುರೋಪಿನಲ್ಲಿ, ನಾನು ಬೇರೆ ಖಂಡದಲ್ಲಿ. ಯಾರು ಎಲ್ಲಿದ್ದೇವೆ ಅನ್ನುವುದು ಈ ಕಥೆಯಲ್ಲಿ ಮುಖ್ಯ, ಅದಕ್ಕೆ ಮೊದಲೇ ಹೇಳಿದೆ.

ಒಂದು ವಿಡಿಯೋದಲ್ಲಿ ನಾವಿಬ್ಬರೂ ಕಾಲಿಡದ ದೇಶವೊಂದರ ಅಣೆಕಟ್ಟಿನ ಕಥೆ ಹೇಳಿದ್ದೆವು. ಆ ದೇಶದ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಇನ್ನೂ ಕೇಸು ನಡೆಯುತ್ತಿದೆ, ಕೇಸು ಹಾಕಿದವರು ಅಲ್ಲೇ ಬದುಕಬೇಕು. ವಿಡಿಯೋದಲ್ಲಿ ಗುಟ್ಟಿನದು ಏನೂ ಇರಲಿಲ್ಲ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು 2008ರಿಂದ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತವೆ. ಯುರೋಪಿನ ಸೆಂಟಿನೆಲ್-2 ಚಿತ್ರಗಳೂ ಹಾಗೆಯೇ. ಅದರಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. ಯಾರ ಮನೆಯೊಳಗೂ ಇಣುಕಲು ಆಗುವುದಿಲ್ಲ. ಆದರೆ ಅಲ್ಲೊಂದು ಊರು ಇತ್ತೋ ಇಲ್ಲವೋ ಅನ್ನುವುದು ಗೊತ್ತಾಗುತ್ತದೆ.

ನಾವು ಎರಡು ಚಿತ್ರ ಪಕ್ಕಪಕ್ಕ ಇಟ್ಟಿದ್ದೆವು. ಮೊದಲನೆಯದರಲ್ಲಿ ನದಿಯ ತಿರುವು, ತಿರುವಿನ ಒಳಗೆ ಹೊಲಗಳ ಚೌಕ, ಒಂದು ಮಣ್ಣಿನ ರಸ್ತೆ. ಎರಡನೆಯದರಲ್ಲಿ ತಿರುವೇ ಇಲ್ಲ, ಎಲ್ಲಾ ಕಪ್ಪು ನೀರು. ರಸ್ತೆ ನೀರಿನ ಅಂಚಿನವರೆಗೆ ಬಂದು ಅಲ್ಲಿಗೆ ಕಡಿದುಹೋಗಿತ್ತು. ಪಕ್ಕದಲ್ಲಿ ಅಲ್ಲಿನ ಸರ್ಕಾರದ್ದೇ ಪುನರ್ವಸತಿ ವರದಿಯ ಪುಟ ತೋರಿಸಿದ್ದೆವು. ಮುಳುಗಿಲ್ಲ ಎಂದು ವರದಿಯಲ್ಲಿ ಬರೆದಿದ್ದ ಊರುಗಳ ಪೈಕಿ ಎರಡು ಊರು ಚಿತ್ರದಲ್ಲಿ ನೀರಿನ ಅಡಿ ಇದ್ದವು.

ಸ್ವಲ್ಪ ಕಾಲದ ಮೇಲೆ ವಿಡಿಯೋ ಕಂಪನಿಯಿಂದ ಇಮೇಲ್ ಬಂತು. ‘ಕಾನೂನು ಬೇಡಿಕೆ’ಯ ಕಾರಣ ನಿಮ್ಮ ವಿಡಿಯೋ ಅಣೆಕಟ್ಟಿರುವ ಆ ದೇಶದಲ್ಲಿ ಕಾಣುವುದಿಲ್ಲ ಅಂತ. ಯಾವ ಕಾನೂನು, ಯಾವ ಕಲಂ, ಯಾವ ಇಲಾಖೆ, ಯಾವ ತಾರೀಕು, ಒಂದೂ ಇಲ್ಲ. ಆದೇಶದ ಪ್ರತಿಯಂತೂ ಇಲ್ಲವೇ ಇಲ್ಲ.

ಇದು ನಡೆಯುವ ರೀತಿ ಸರಳ. ನೋಡುವವರ ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಯಾವ ದೇಶದ್ದು ಎಂದು ಕಂಪನಿಯ ಸರ್ವರ್ ನೋಡುತ್ತದೆ. ಪಟ್ಟಿಯಲ್ಲಿರುವ ದೇಶವಾದರೆ ವಿಡಿಯೋ ಬದಲು ಬೂದು ಪರದೆ ತೋರಿಸುತ್ತದೆ. ಟ್ವಿಟರ್ ಇಂಥ ದೇಶವಾರು ತಡೆಯನ್ನು 2012ರ ಜನವರಿಯಲ್ಲಿ ಶುರು ಮಾಡುವುದಾಗಿ ಹೇಳಿದಾಗ ದೊಡ್ಡ ಗಲಾಟೆಯಾಗಿತ್ತು. ಈಗ ಎಲ್ಲ ದೊಡ್ಡ ಕಂಪನಿಗಳಲ್ಲೂ ಇದು ದಿನನಿತ್ಯದ ಕೆಲಸ. ಕಾನೂನಿನ ಕಾರಣಕ್ಕೆ ಪುಟ ತಡೆದಿದ್ದರೆ ಅದನ್ನು ಓದುಗನಿಗೆ ಹೇಳಲೆಂದೇ 451 ಎಂಬ ಸಂಕೇತವೂ ಇದೆ, 2016ರಲ್ಲಿ ಅಧಿಕೃತವಾಯಿತು. ಯಾರ ಬೇಡಿಕೆಯಿಂದ ತಡೆಯಾಯಿತು ಎಂದು ಅದರ ಜೊತೆ ತಿಳಿಸಬೇಕು ಅನ್ನುವುದು ಅದರ ಉದ್ದೇಶ. ನಮ್ಮ ವೀಕ್ಷಕರಿಗೆ ಅದೂ ಕಾಣಲಿಲ್ಲ. ‘ಈ ವಿಡಿಯೋ ಲಭ್ಯವಿಲ್ಲ’, ಅಷ್ಟೇ.

ಅಲ್ಲಿಂದ ನಮಗೆ ಮೊದಲೇ ಪತ್ರ ಬರೆದಿದ್ದ ವೀಕ್ಷಕರೊಬ್ಬರು ಇದ್ದರು. ಆ ನದಿಯ ತಿರುವು ಅವರ ತಾಯಿಯ ತವರೂರು. “ಅಮ್ಮನಿಗೆ ಚಿತ್ರ ತೋರಿಸಿದೆ, ರಸ್ತೆ ನೋಡಿ ಮನೆ ಎಲ್ಲಿತ್ತು ಎಂದು ಹೇಳಿದರು” ಎಂದು ಬರೆದಿದ್ದರು. ತಡೆ ಬಿದ್ದ ಮೇಲೆ ಮತ್ತೆ ಬರೆದರು. ಬೇರೆ ದೇಶದಿಂದ ನೋಡುತ್ತಿರುವಂತೆ ತೋರಿಸುವ ವಿಪಿಎನ್ ಹಾಕಿ ನೋಡಬಹುದು, ಆದರೆ ಅಮ್ಮನ ಅಣ್ಣತಮ್ಮಂದಿರಿಗೆ ಕಳಿಸಲು ಹೆದರಿಕೆ ಅಂದರು. ನನಗೆ ನಿಜವಾಗಿ ಹೊಟ್ಟೆಯಲ್ಲಿ ಸಂಕಟ ಆಗಿದ್ದು ಆಗ. ವಿಡಿಯೋ ಪ್ರಪಂಚದಲ್ಲೆಲ್ಲ ಕಾಣುತ್ತಿತ್ತು, ಯಾರ ಊರಿನ ಕಥೆಯೋ ಅವರಿಗೊಬ್ಬರಿಗೆ ಕಾಣುತ್ತಿರಲಿಲ್ಲ.

ಆದೇಶದ ಪ್ರತಿ ಕೊಡಿ ಎಂದು ಕಂಪನಿಗೆ ಬರೆದೆ. ‘ನಿಮ್ಮ ಕಾಳಜಿ ಅರ್ಥವಾಗುತ್ತದೆ’ ಎಂಬ ಸಿದ್ಧ ಉತ್ತರ ಬಂತು. ಮತ್ತೆ ಬರೆದೆ, ಅದೇ ಉತ್ತರ. ಆಮೇಲೆ ವಕೀಲ ಗೆಳೆಯನೊಬ್ಬ ಲುಮೆನ್ ನೋಡು ಅಂದ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಬರ್ಕ್‌ಮನ್ ಕ್ಲೈನ್ ಕೇಂದ್ರದ ಸಂಗ್ರಹ ಅದು. ತೆಗೆಯಿರಿ ಎಂದು ಕಂಪನಿಗಳಿಗೆ ಬರುವ ಪತ್ರಗಳನ್ನು ಅಲ್ಲಿ ಸಾರ್ವಜನಿಕವಾಗಿ ಇಡುತ್ತಾರೆ. ಕಂಪನಿಗಳು ತಾವಾಗಿ ಕಳಿಸಿದರೆ ಮಾತ್ರ. ಕಳಿಸಲೇಬೇಕು ಎಂಬ ಕಾನೂನಿಲ್ಲ.

ನಮ್ಮದು ಸಿಕ್ಕಿತು! ಒಂದು ಉದ್ದ ಪಟ್ಟಿ, ಅದರ ನಡುವೆ ನಮ್ಮ ಕೊಂಡಿ. ಮೇಲೆ ಕೆಳಗೆ ಯಾರ್ಯಾರದೋ ಕೊಂಡಿಗಳು. ಸುದ್ದಿ ವರದಿ, ಹಾಡು, ಯಾರದೋ ಮದುವೆ ವಿಡಿಯೋ ಥರದ್ದೂ ಇತ್ತು. ಎಲ್ಲದಕ್ಕೂ ಸೇರಿ ಒಂದೇ ಕಾರಣ, ಒಂದೇ ಸಾಲು: ‘ರಾಷ್ಟ್ರೀಯ ಭದ್ರತೆ’. ಸಹಿ ಮಾಡಿದವರ ಹೆಸರನ್ನು ಕಪ್ಪು ಮಸಿ ಬಳಿದು ಮುಚ್ಚಿದ್ದರು. ಆದರೆ ಕಾನೂನಿನ ಹೆಸರು, ಕಲಂ ಸಂಖ್ಯೆ, ಪ್ರಾಧಿಕಾರದ ಹೆಸರು ಇದ್ದವು. ಮುಂದಿನ ಕೆಲಸವೆಲ್ಲ ನಿಂತಿದ್ದು ಆ ಒಂದು ಹಾಳೆಯ ಮೇಲೆ. ನಿಮಗೂ ಇಂಥ ಇಮೇಲ್ ಬಂದರೆ ಮೊದಲು ಅಲ್ಲಿ ಹುಡುಕಿ, ಕಂಪನಿಗೆ ಪತ್ರ ಬರೆಯುವುದು ಆಮೇಲೆ.

ನಾವು ಇನ್ನೂ ಆ ಹಾಳೆ ಓದುತ್ತಿರುವಾಗಲೇ ಎರಡನೇ ಇಮೇಲ್ ಬಂತು. ಈ ಸಲ ವಿಡಿಯೋ ಇಡೀ ಪ್ರಪಂಚದಿಂದ ತೆಗೆದಿದ್ದರು. ಕಾರಣ ಕಾನೂನು ಅಲ್ಲ, ‘ನಮ್ಮ ಸಮುದಾಯ ನಿಯಮಗಳ ಉಲ್ಲಂಘನೆ’, ಜನರಿಗೆ ಹಾನಿ ಮಾಡಬಹುದಾದ ತಪ್ಪು ಮಾಹಿತಿ. ಚಾನೆಲ್ ಮೇಲೆ ಒಂದು ಸ್ಟ್ರೈಕ್ ಕೂಡ, ಅಂದರೆ ನಿಯಮ ಮುರಿದಿದ್ದೀರಿ ಎಂಬ ಎಚ್ಚರಿಕೆಯ ಗುರುತು.

ನನಗೆ ಮೊದಲು ಇದು ಬೇರೆ ವಿಷಯ ಅನ್ನಿಸಿತು. ವಕೀಲ ಗೆಳೆಯ ಇಲ್ಲ ಅಂದ. “ಇದು ಹಿತ್ತಲ ಬಾಗಿಲು. ನೀವಿಬ್ಬರೂ ಮುಂಬಾಗಿಲಲ್ಲೇ ಕಾಯುತ್ತಾ ನಿಂತಿದ್ದೀರಿ.”

ಅವನು ವಿವರಿಸಿದ್ದು ಹೀಗೆ. ಸರ್ಕಾರವೊಂದು ಕಂಪನಿಗೆ ಕೊಂಡಿ ಕಳಿಸಿದಾಗ ದೊಡ್ಡ ಕಂಪನಿಗಳು ಮೊದಲು ನೋಡುವುದು ಇದು ನಮ್ಮದೇ ನಿಯಮಕ್ಕೆ ವಿರುದ್ಧವೇ ಎಂದು. ವಿರುದ್ಧವಾದರೆ ಎಲ್ಲ ಕಡೆಯಿಂದ ತೆಗೆಯುತ್ತಾರೆ. ಇಲ್ಲವಾದರೆ ಆ ದೇಶದ ಕಾನೂನು ನೋಡಿ, ಆ ದೇಶದಲ್ಲಿ ಮಾತ್ರ ಮುಚ್ಚುತ್ತಾರೆ. ಇದು ಗುಟ್ಟೇನೂ ಅಲ್ಲ, ತಮ್ಮ ಪಾರದರ್ಶಕತೆ ವರದಿಗಳಲ್ಲಿ ಅವರೇ ಬರೆದುಕೊಂಡಿರುವ ಪದ್ಧತಿ. ಹಾಗಾಗಿ ಸರ್ಕಾರದವರೂ ಕಲಿತಿದ್ದಾರೆ. ಆದೇಶ ಹೊರಡಿಸಿದರೆ ಸಹಿ ಹಾಕಬೇಕು, ಕಲಂ ಬರೆಯಬೇಕು, ಯಾರಾದರೂ ಕೋರ್ಟಿಗೆ ಹೋಗಬಹುದು. ‘ಇದು ನಿಮ್ಮ ನಿಯಮಕ್ಕೆ ವಿರುದ್ಧವಲ್ಲವೇ, ನೋಡಿ’ ಎಂದು ಒಂದು ದೂರು ಹಾಕಿದರೆ ಇದ್ಯಾವುದೂ ಬೇಡ. ತೆಗೆದರೆ ಪ್ರಪಂಚದಲ್ಲೆಲ್ಲ ತೆಗೆದಂತೆ.

ಇದಕ್ಕೆಂದೇ ಇಲಾಖೆಗಳೂ ಇವೆ. ಬ್ರಿಟನ್ ಪೊಲೀಸರು 2010ರಲ್ಲಿ ಭಯೋತ್ಪಾದಕ ಬರಹ, ವಿಡಿಯೋಗಳನ್ನು ಕಂಪನಿಗಳ ಗಮನಕ್ಕೆ ತರುವ ಘಟಕ ತೆರೆದರು. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ 2015ರಲ್ಲಿ ಇಂಥದ್ದೇ ಘಟಕ ತೆರೆಯಿತು. ಇಸ್ರೇಲಿನ ಸೈಬರ್ ಘಟಕ ಹೀಗೆ ಕಂಪನಿಗಳಿಗೆ ಕಳಿಸುವುದನ್ನು ಹಕ್ಕುಗಳ ಸಂಘಟನೆಗಳು ಪ್ರಶ್ನಿಸಿದ್ದವು. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅರ್ಜಿ ವಜಾ ಮಾಡಿತು. ನಾವು ಆಜ್ಞೆ ಮಾಡುತ್ತಿಲ್ಲ, ತೀರ್ಮಾನ ಕಂಪನಿಯದು ಅನ್ನುವುದು ಸರ್ಕಾರದ ವಾದವಾಗಿತ್ತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ಪ್ರಪಂಚದ ಮೂಲೆ ಮೂಲೆಯಿಂದ ತೆಗೆಯಬೇಕು, ತಕ್ಷಣ ತೆಗೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ದಾರಿಯಲ್ಲಿ ಒಂದು ಸರ್ಕಾರ ತನ್ನ ವರದಿಯ ಸುಳ್ಳನ್ನೂ ಮುಚ್ಚಿಸಿಕೊಳ್ಳಬಹುದು ಅನ್ನುವುದು ನನಗೆ ಈಗ ಗೊತ್ತು. ನನ್ನ ತಕರಾರು ಇದೇ. ತಡೆ ಹಾಕುವುದಾದರೆ ಮುಖ ತೋರಿಸಿ ಹಾಕಲಿ. ಕಾಗದ ಇದ್ದರೆ ಜಗಳ ಆಡಬಹುದು. ಕಾಗದವೇ ಇಲ್ಲದಿದ್ದರೆ ಯಾರ ಜೊತೆ ಆಡುವುದು?

ನಾನು ಹಾಕಿದ ಅಪೀಲು ಗಳಿಗೆಯಲ್ಲಿ ತಿರಸ್ಕಾರವಾಯಿತು. ಪೆಟ್ಟಿಗೆಯಲ್ಲಿ ಇಷ್ಟೇ ಅಕ್ಷರ ಎಂಬ ಮಿತಿ ಇತ್ತು. ಅಷ್ಟರಲ್ಲೇ ಚಿತ್ರಗಳ ಮೂಲ, ತೆಗೆದ ತಾರೀಕು, ಸರ್ಕಾರಿ ವರದಿಯ ಪುಟ ಸಂಖ್ಯೆ ಎಲ್ಲ ಬರೆದಿದ್ದೆ. ಅದನ್ನು ಮನುಷ್ಯರೊಬ್ಬರು ಓದಿರಲು ಸಾಧ್ಯವೇ ಇರಲಿಲ್ಲ, ಅಷ್ಟು ಬೇಗ ಉತ್ತರ ಬಂತು.

ಗೆಳತಿ ಯುರೋಪಿನಲ್ಲಿರುವುದು ಕೆಲಸಕ್ಕೆ ಬಂದದ್ದು ಇಲ್ಲಿ. ಅಲ್ಲಿ ಡಿಜಿಟಲ್ ಸೇವೆಗಳ ಕಾಯ್ದೆ 2024ರ ಫೆಬ್ರವರಿ 17ರಿಂದ ಪೂರ್ತಿ ಜಾರಿಯಲ್ಲಿದೆ. ತಪ್ಪಿದರೆ ಕಂಪನಿಯ ಜಾಗತಿಕ ವಾರ್ಷಿಕ ವಹಿವಾಟಿನ ಶೇ 6ರವರೆಗೆ ದಂಡ. ಆ ಕಾಯ್ದೆಯ 17ನೇ ಕಲಂ ಪ್ರಕಾರ ಕಂಪನಿ ಏನನ್ನಾದರೂ ತೆಗೆದರೆ ಕಾರಣ ಬರೆದು ಕೊಡಬೇಕು. ಯಾರೋ ದೂರು ಕೊಟ್ಟದ್ದರಿಂದ ತೆಗೆದದ್ದೋ ಅಥವಾ ತಾವೇ ಹುಡುಕಿ ತೆಗೆದದ್ದೋ, ಯಂತ್ರ ತೀರ್ಮಾನಿಸಿತೋ, ಇದನ್ನೂ ಹೇಳಬೇಕು. 20ನೇ ಕಲಂ ಪ್ರಕಾರ ಒಳಗಿನ ಅಪೀಲನ್ನು ಬರೀ ಯಂತ್ರದ ಕೈಗೆ ಬಿಡುವಂತಿಲ್ಲ. ಅದಕ್ಕೂ ಒಪ್ಪದಿದ್ದರೆ 21ನೇ ಕಲಂ ಪ್ರಕಾರ ಮಾನ್ಯತೆ ಪಡೆದ ಹೊರಗಿನ ವ್ಯಾಜ್ಯ ಮಂಡಳಿಗೆ ಹೋಗಬಹುದು. ಬಳಕೆದಾರರಿಗೆ ಪುಕ್ಕಟೆ, ಇಲ್ಲವೇ ಹೆಸರಿಗೊಂದು ಸಣ್ಣ ಶುಲ್ಕ. ಮಾಮೂಲಾಗಿ 90 ದಿನದೊಳಗೆ ತೀರ್ಮಾನ ಹೇಳಬೇಕು. ಆ ತೀರ್ಮಾನಕ್ಕೆ ಕಂಪನಿ ಕಟ್ಟುಬಿದ್ದಿಲ್ಲ, ಆದರೆ ಸುಮ್ನೆ ಪಕ್ಕಕ್ಕೆ ಸರಿಸುವುದೂ ಅಷ್ಟು ಸುಲಭವಲ್ಲ.

ಅದೇ ಚಾನೆಲ್, ಅದೇ ವಿಡಿಯೋ. ನಾನು ಕೇಳಿದಾಗ ಸಿದ್ಧ ಉತ್ತರ, ಅವಳು ಕೇಳಿದಾಗ ಎರಡು ಪುಟದ ಹೇಳಿಕೆ. ಹಕ್ಕು ನಾವು ಎಲ್ಲಿ ಕೂತಿದ್ದೇವೆ ಅನ್ನುವುದರ ಮೇಲೆ ಹೋಗುತ್ತದೆ. ಅದು ನನಗೆ ಈಗಲೂ ನೋವಿನ ವಿಷಯ.

ಆ ಹೇಳಿಕೆಯಲ್ಲಿ ನಮಗೆ ಬೇಕಾದ ಒಂದು ಸಾಲು ಇತ್ತು. ವಿಡಿಯೋ ತೆಗೆದದ್ದು ‘ಹೊರಗಿನಿಂದ ಬಂದ ಸೂಚನೆ’ಯ ಮೇಲೆ. ಯಾರ ಸೂಚನೆ ಎಂದು ಬರೆದಿರಲಿಲ್ಲ. ದೂರು ಕೊಟ್ಟವರ ಗುರುತು ತೀರಾ ಅಗತ್ಯವಿದ್ದರೆ ಮಾತ್ರ ಹೇಳಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಸಾಮಾನ್ಯ ಮನುಷ್ಯ ದೂರು ಕೊಟ್ಟಾಗ ಅದು ಸರಿ. ಅವನಿಗೆ ರಕ್ಷಣೆ ಬೇಕು. ಆದರೆ ಸರ್ಕಾರಕ್ಕೆ ಯಾರಿಂದ ರಕ್ಷಣೆ? ಈ ಒಂದು ಕಡೆ ಕಾನೂನು ಬರೆದವರು ಇನ್ನೂ ಯೋಚಿಸಬೇಕಿತ್ತು.

ನಾವು ವ್ಯಾಜ್ಯ ಮಂಡಳಿಗೆ ಹೋದೆವು. ಅವಳು ಎರಡೂ ಚಿತ್ರಗಳ ಮೂಲ ಕಡತ ಲಗತ್ತಿಸಿದಳು. ಸೆಂಟಿನೆಲ್ ಕಡತದ ಹೆಸರಿನಲ್ಲೇ ಚಿತ್ರ ತೆಗೆದ ತಾರೀಕು, ಹೊತ್ತು, ನೆಲದ ಯಾವ ತುಂಡು ಅನ್ನುವುದು ಇರುತ್ತದೆ. ಯಾರು ಬೇಕಾದರೂ ಅದೇ ಕಡತ ಇಳಿಸಿಕೊಂಡು ತಾಳೆ ನೋಡಬಹುದು. ‘ತಪ್ಪು ಮಾಹಿತಿ’ ಎಂದರೆ ಯಾವ ನಿಮಿಷದ ಯಾವ ಮಾತು ತಪ್ಪು, ಅದನ್ನು ತೋರಿಸಿ ಎಂದು ಕೇಳಿದಳು. ಕಂಪನಿ ತೋರಿಸಲಿಲ್ಲ. ತೀರ್ಮಾನ ನಮ್ಮ ಕಡೆ ಆಯಿತು. ಕಂಪನಿ ವಿಡಿಯೋ ವಾಪಸ್ ಹಾಕಿತು, ಸ್ಟ್ರೈಕ್ ತೆಗೆಯಿತು. ಕ್ಷಮೆ ಗಿಮೆ ಏನಿಲ್ಲ.

ಕಾಯುತ್ತಿದ್ದ ಆ ಕಾಲದಲ್ಲಿ ನಾನು ಹಳೇ ಕೇಸುಗಳನ್ನು ಓದಿದೆ. ಒಂದು ದೇಶದ ಕಾನೂನು ಎಲ್ಲಿಯವರೆಗೆ ಹೋಗಬಹುದು ಎಂಬ ಜಗಳ ಇಂಟರ್‌ನೆಟ್‌ನಷ್ಟೇ ಹಳೆಯದು. 2000ದಲ್ಲಿ ಪ್ಯಾರಿಸ್ಸಿನ ಕೋರ್ಟೊಂದು ಅಮೆರಿಕದ ಯಾಹೂಗೆ, ನಾಜಿ ವಸ್ತುಗಳ ಹರಾಜು ಫ್ರಾನ್ಸಿನವರಿಗೆ ಕಾಣದಂತೆ ಮಾಡು ಎಂದಿತು. 2017ರಲ್ಲಿ ಈಕ್ವಸ್ಟೆಕ್ ಕೇಸಿನಲ್ಲಿ ಕೆನಡಾ ಸುಪ್ರೀಂ ಕೋರ್ಟ್ ಹುಡುಕಾಟದ ಫಲಿತಾಂಶವನ್ನು ಪ್ರಪಂಚದಾದ್ಯಂತ ತೆಗೆ ಎಂದು ಗೂಗಲ್‌ಗೆ ಹೇಳಿದ ಆದೇಶವನ್ನು ಎತ್ತಿಹಿಡಿಯಿತು. 2019 ಈ ಜಗಳದ ದೊಡ್ಡ ವರ್ಷ. ಸೆಪ್ಟೆಂಬರ್ 24ರಂದು ಯುರೋಪ್ ಒಕ್ಕೂಟದ ನ್ಯಾಯಾಲಯ, ನನ್ನ ಹಳೇ ಮಾಹಿತಿ ಹುಡುಕಾಟದಲ್ಲಿ ಬರಬಾರದು ಎಂದು ಕೇಳುವ ‘ಮರೆಯಲ್ಪಡುವ ಹಕ್ಕಿನ’ ಹೆಸರಲ್ಲಿ ಗೂಗಲ್ ಪ್ರಪಂಚದಲ್ಲೆಲ್ಲ ಅಳಿಸಬೇಕು ಎಂದು ಯುರೋಪಿನ ಕಾನೂನು ಕೇಳುವುದಿಲ್ಲ ಎಂದಿತು. ಅಕ್ಟೋಬರ್ 3ರಂದು ಅದೇ ನ್ಯಾಯಾಲಯ, ಆಸ್ಟ್ರಿಯಾದ ರಾಜಕಾರಣಿಯೊಬ್ಬರ ಕೇಸಿನಲ್ಲಿ, ಪ್ರಪಂಚವ್ಯಾಪಿ ಆದೇಶ ಕೊಡುವುದಕ್ಕೆ ಯುರೋಪಿನ ಕಾನೂನಿನ ಅಡ್ಡಿಯಿಲ್ಲ ಎಂದಿತು. ಅದೇ ತಿಂಗಳು ದೆಹಲಿ ಹೈಕೋರ್ಟ್, ಭಾರತದಿಂದ ಅಪ್‌ಲೋಡ್ ಆದ ಮಾನಹಾನಿಯ ವಿಡಿಯೋಗಳನ್ನು ಜಗತ್ತಿನಾದ್ಯಂತ ತೆಗೆಯಬೇಕು ಎಂದಿತು.

ನನಗೆ ಇವುಗಳಲ್ಲಿ ಜಾಸ್ತಿ ಇಷ್ಟವಾದದ್ದು ಆಸ್ಟ್ರೇಲಿಯಾದ್ದು. 2024ರ ಏಪ್ರಿಲ್‌ನಲ್ಲಿ ಸಿಡ್ನಿಯ ಚರ್ಚ್ ಒಂದರಲ್ಲಿ ಬಿಷಪ್ ಒಬ್ಬರಿಗೆ ಚಾಕು ಹಾಕಿದ ವಿಡಿಯೋ ಹರಿದಾಡಿತು. ಎಕ್ಸ್ (ಮೊದಲಿನ ಟ್ವಿಟರ್) ಕಂಪನಿ ಅದನ್ನು ಆಸ್ಟ್ರೇಲಿಯಾದಲ್ಲಿ ಮುಚ್ಚಿತು. ಅದು ಸಾಲದು, ಎಲ್ಲೆಡೆ ಮುಚ್ಚಿ ಎಂದು ಅಲ್ಲಿನ ಇ-ಸೇಫ್ಟಿ ಆಯುಕ್ತರು ಕೋರ್ಟಿಗೆ ಹೋದರು. ಮೇ ತಿಂಗಳಲ್ಲಿ ಫೆಡರಲ್ ಕೋರ್ಟ್ ತಾತ್ಕಾಲಿಕ ತಡೆಯನ್ನು ಮುಂದುವರಿಸಲು ಒಪ್ಪಲಿಲ್ಲ. ಬೇರೆ ದೇಶದ ಜನ ಏನು ನೋಡಬೇಕು ಅನ್ನುವುದನ್ನು ಒಂದು ದೇಶ ತೀರ್ಮಾನಿಸಿದರೆ ಏನಾಗುತ್ತದೆ ಅನ್ನುವುದನ್ನು ಆ ನ್ಯಾಯಾಧೀಶರು ತೂಗಿ ನೋಡಿದರು. ವಿಡಿಯೋ ಭೀಕರವಾಗಿತ್ತು, ಆಯುಕ್ತರ ಕಾಳಜಿಯೂ ನಿಜವಾದದ್ದೇ. ಹಾಗಿದ್ದೂ ಗಡಿ ಎಲ್ಲಿ ಎಂದು ಕೋರ್ಟ್ ಕೇಳಿತಲ್ಲ, ಅದು ಮುಖ್ಯ.

ತಡೆ ತಾನಾಗಿಯೇ ಗಡಿ ದಾಟಿದ ಉದಾಹರಣೆಯೂ ಇದೆ. 2008ರ ಫೆಬ್ರವರಿ 24ರಂದು ಪಾಕಿಸ್ತಾನದ ಟೆಲಿಕಾಂ ಕಂಪನಿ ಸರ್ಕಾರದ ಆದೇಶದಂತೆ ಯೂಟ್ಯೂಬ್ ತಡೆಯಲು ಹೋಯಿತು. ತನ್ನ ಜಾಲದೊಳಗೆ ಇರಬೇಕಾದ ತಪ್ಪು ದಾರಿಯ ಸೂಚನೆ ಹೊರಗೆ ಸೋರಿತು. ಸುಮಾರು ಎರಡು ಗಂಟೆ ಪ್ರಪಂಚದ ಬಹಳಷ್ಟು ಕಡೆ ಯೂಟ್ಯೂಬ್ ಸಿಗಲಿಲ್ಲ. ಅದು ಕೈತಪ್ಪಿ ಆದದ್ದು, ಎಲ್ಲರಿಗೂ ಕಂಡಿತು, ಬೇಗ ಸರಿಯಾಯಿತು. ನಮ್ಮಂಥವರದು ಯಾರಿಗೂ ಕಾಣುವುದಿಲ್ಲ.

ವಿಡಿಯೋ ವಾಪಸ್ ಬಂದ ಮೇಲೆ ಉಳಿದದ್ದು ಮೊದಲನೆಯ ತಡೆ. ಅದು ಆ ದೇಶದ ಕಾನೂನಿನ ಅಡಿ ಹಾಕಿದ್ದು, ಅಲ್ಲೇ ಹೋಗಿ ಕೇಳಬೇಕು. ಲುಮೆನ್ ಹಾಳೆಯಲ್ಲಿ ಹೆಸರಿದ್ದ ಪ್ರಾಧಿಕಾರದ ಜಾಲತಾಣ ತೆರೆದೆ. ಆಕ್ಷೇಪಣೆ ಸಲ್ಲಿಸುವ ನಮೂನೆ ಇತ್ತು. ಖುಷಿಯಿಂದ ತುಂಬಲು ಶುರು ಮಾಡಿದೆ. ಮೂರನೇ ಖಾನೆಯಲ್ಲಿ ಆ ದೇಶದ ಗುರುತಿನ ಚೀಟಿಯ ಸಂಖ್ಯೆ ಕೇಳಿತು. ಅದು ಇಲ್ಲದೆ ಮುಂದಕ್ಕೆ ಹೋಗುವುದೇ ಇಲ್ಲ. ಇಮೇಲ್ ಮಾಡಿದೆ. ವಿದೇಶಿಯರ ಅರ್ಜಿ ನಾವು ಪರಿಗಣಿಸುವುದಿಲ್ಲ ಎಂಬ ಉತ್ತರ ಬಂತು. ಇಷ್ಟು ದಿನದಲ್ಲಿ ಒಬ್ಬ ಅಧಿಕಾರಿ ನೇರವಾಗಿ ಬರೆದ ಮೊದಲ ಉತ್ತರ ಅದು. ನನ್ನ ಮಾತನ್ನು ತಡೆಯುವಾಗ ನಾನು ವಿದೇಶಿ ಅನ್ನುವುದು ಅಡ್ಡ ಬರಲಿಲ್ಲ. ಅದನ್ನು ಪ್ರಶ್ನಿಸುವಾಗ ಅಡ್ಡ ಬಂತು, ಅಲ್ವಾ?

ಗುಟ್ಟಾಗಿ ತಡೆ ಹಾಕುವುದು ಒಂದು ದೇಶದ ರೋಗ ಅಲ್ಲ. ಭಾರತದಲ್ಲಿ, ಇಂಟರ್‌ನೆಟ್‌ನಲ್ಲಿರುವುದನ್ನು ತಡೆಯಲು ಸರ್ಕಾರಕ್ಕೆ ಅಧಿಕಾರ ಕೊಡುವ ಐಟಿ ಕಾಯ್ದೆಯ 69ಎ ಕಲಂ ಇದೆ. ಅದರ 2009ರ ನಿಯಮಗಳಲ್ಲಿ 16ನೆಯದು, ದೂರು ಮತ್ತು ಕ್ರಮ ಎರಡನ್ನೂ ಗೋಪ್ಯವಾಗಿಡಬೇಕು ಅನ್ನುತ್ತದೆ. 2015ರಲ್ಲಿ ಶ್ರೇಯಾ ಸಿಂಘಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಆನ್‌ಲೈನ್‌ನಲ್ಲಿ ‘ಅವಹೇಳನಕಾರಿ’ ಮಾತು ಹಾಕುವುದನ್ನು ಅಪರಾಧ ಮಾಡಿದ್ದ 66ಎ ಕಲಂ ರದ್ದು ಮಾಡಿತು, 69ಎ ಉಳಿಸಿತು. ಕಾರಣವನ್ನು ಲಿಖಿತವಾಗಿ ಬರೆಯಬೇಕು, ಹಾಗಾಗಿ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು ಅನ್ನುವುದು ಉಳಿಸಲು ಕೊಟ್ಟ ಕಾರಣಗಳಲ್ಲಿ ಒಂದು. ಆದರೆ ಆದೇಶವೇ ಕೈಗೆ ಸಿಗದಿದ್ದರೆ? 2018ರಲ್ಲಿ ವರದಕ್ಷಿಣೆಯನ್ನು ಅಣಕಿಸುವ ಜಾಲತಾಣವೊಂದಕ್ಕೆ ತಡೆ ಬಿತ್ತು. ಮಾಡಿದವರಿಗೆ ಆದೇಶದ ಪ್ರತಿ ಕೊಡಿ, ಅವರ ಮಾತು ಕೇಳಿ ಎಂದು ದೆಹಲಿ ಹೈಕೋರ್ಟ್ ಹೇಳಿದ್ದು 2022ರಲ್ಲಿ. ಟರ್ಕಿ 2017ರ ಏಪ್ರಿಲ್‌ನಲ್ಲಿ ಇಡೀ ವಿಕಿಪೀಡಿಯಾವನ್ನೇ ಮುಚ್ಚಿತ್ತು. ಅದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯವೇ 2019ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ, 2020ರ ಜನವರಿಯಲ್ಲಿ ತೆರೆಯಿತು. ಈ ಎರಡೂ ಕೇಸು ಓದಿದ ಮೇಲೆ ಒಂದು ವಿಷಯ ಖಾತ್ರಿಯಾಯಿತು. ಹೊರಗಿನಿಂದ ನಾವು ಎಷ್ಟೇ ಕೂಗಿದರೂ ಒಳಗಿನ ಬೀಗ ತೆಗೆಯಬೇಕಾದ್ದು ಒಳಗಿನ ಕೋರ್ಟೇ.

ಆ ವೀಕ್ಷಕರಿಗೆ ನಾನು ಕೇಸು ಹಾಕಿ ಎಂದು ಹೇಳಲಿಲ್ಲ. ಹೇಳುವ ಹಕ್ಕು ನನಗಿಲ್ಲ. ಇಷ್ಟು ನಡೆದಿದೆ ಎಂದು ಲುಮೆನ್ ಹಾಳೆ, ಮಂಡಳಿಯ ತೀರ್ಮಾನ, ಪ್ರಾಧಿಕಾರದ ಇಮೇಲ್ ಮೂರನ್ನೂ ಕಳಿಸಿದೆ. ಬಹಳ ದಿನ ಉತ್ತರ ಬರಲಿಲ್ಲ. ಆಮೇಲೆ ಅಲ್ಲಿನ ವಕೀಲರ ಸಂಘಟನೆಯೊಂದರಿಂದ ಪತ್ರ ಬಂತು. ನೋಡುವ ಹಕ್ಕು ಕಳೆದುಕೊಂಡವರು ಎಂಬ ನೆಲೆಯಲ್ಲಿ ಆ ವೀಕ್ಷಕರು ಅರ್ಜಿ ಹಾಕಲು ಒಪ್ಪಿದ್ದರು. ತಾಯಿಯೂ ಅರ್ಜಿದಾರರು. ಮುಳುಗಿದ ಮನೆಯ ಹಕ್ಕುಪತ್ರ ಅವರ ಹೆಸರಲ್ಲಿದೆ.

ನಾವಿಬ್ಬರೂ ಪ್ರಮಾಣಪತ್ರ ಬರೆದು, ನೋಟರಿ ಮಾಡಿಸಿ ಕಳಿಸಿದೆವು. ಯಾವ ಚಿತ್ರ, ಯಾವ ಉಪಗ್ರಹದ್ದು, ಯಾವ ತಾರೀಕಿನದು, ವರದಿಯ ಯಾವ ಪುಟ, ಎಲ್ಲ ಅದರಲ್ಲಿದೆ. ಪ್ರಾಧಿಕಾರದ ವಕೀಲರು ಆದೇಶ ಗೋಪ್ಯ ಅಂದರು. ಹಾರ್ವರ್ಡಿನ ಸಂಗ್ರಹದಲ್ಲಿ ಎಲ್ಲರೂ ಓದಬಹುದಾದ ಕಾಗದ ಕೋರ್ಟಿಗೆ ಮಾತ್ರ ಹೇಗೆ ಗೋಪ್ಯ ಎಂದು ಅರ್ಜಿದಾರರ ವಕೀಲರು ಕೇಳಿದರು. ಕಡತ ತನ್ನಿ ಎಂದು ಕೋರ್ಟ್ ಹೇಳಿದೆ. ಪ್ರಾಧಿಕಾರ ಕಾಲಾವಕಾಶ ಕೇಳಿದೆ.

ಅರ್ಜಿಯಲ್ಲಿ ವಿಡಿಯೋ ತೆರೆಯಿರಿ ಅನ್ನುವುದು ಎರಡನೇ ಬೇಡಿಕೆ. ಮೊದಲನೆಯದು, ಆದೇಶದ ಪೂರ್ತಿ ಪ್ರತಿ ಕೊಡಿ, ಪಟ್ಟಿಯಲ್ಲಿರುವ ಪ್ರತಿ ಕೊಂಡಿಗೂ ಬೇರೆ ಬೇರೆ ಕಾರಣ ಬರೆಯಿರಿ ಅನ್ನುವುದು. ಆ ಪಟ್ಟಿಯಲ್ಲಿ ನಮ್ಮ ಹಿಂದೆ ಮುಂದೆ ಇರುವ ಉಳಿದವರಿಗೂ ಅದರಿಂದ ದಾರಿಯಾಗಲಿ ಎಂದು ಆ ವಕೀಲರೇ ಅದನ್ನು ಮೇಲೆ ಇಟ್ಟರು.